ಲೆಗ್ ಡೇ ಆದ್ಮೇಲೆ ಎಳ್ಳೆಣ್ಣೆ, ಲೆಗ್ ಡೇಗೆ ಮುಂಚೆ ಒಣಗೈ

ಜಿಮ್ಮಿಗೆ ಹೊಸದಾಗಿ ಸೇರ್ಕೊಳ್ಳೋ ಹೆಂಗಸರು ಒಂದು ವಾರದೊಳಗೆ ನನ್ನ ಹತ್ರ ಬಂದು ಕೇಳೋದು ಒಂದೇ, "ಅಕ್ಕಾ, ಈ ಮೈಕೈ ನೋವಿಗೆ ನೀವೇನ್ ಮಾಡ್ತೀರ?" ನಾನು ಮಸಾಜ್ ಅಂದ ತಕ್ಷಣ ಅವರು ಸ್ಪಾ, ದುಡ್ಡು, ಟೈಮು ಅಂತೆಲ್ಲ ಲೆಕ್ಕ ಹಾಕಿ "ಅಯ್ಯೋ ಅದೆಲ್ಲ ನಮಗೆ ಆಗಲ್ಲ ಬಿಡಿ" ಅಂದ್ಬಿಡ್ತಾರೆ. ನಾನು ಹೇಳ್ತಿರೋ ಮಸಾಜ್ ಅದಲ್ಲ, ಮನೇಲಿ ಒಂದು ಹಳೇ ಬೆಡ್‌ಶೀಟ್, ಒಂದು ಬಟ್ಟಲು ಎಳ್ಳೆಣ್ಣೆ, ಬಿಸಿನೀರು ಇದ್ರೆ ಆಗೋವಂಥದ್ದು. ಪ್ರತಿ ಸಲ ಲಾಕರ್ ಪಕ್ಕ ನಿಂತ್ಕೊಂಡು ಅರ್ಧಂಬರ್ಧ ಹೇಳೋ ಬದಲು ಒಂದ್ಸಲ ಪೂರ್ತಿ ಬರೆದುಬಿಡೋಣ ಅನ್ನಿಸ್ತು.

ನಲವತ್ತು ಹತ್ರ ಬಂದಾಗ ನಾನು ವೇಟ್ಸ್ ಎತ್ತೋಕೆ ಶುರು ಮಾಡಿದ್ದು. ಅಮ್ಮಂಗೆ ಮೂಳೆ ಸವೆತ, ಒಂದ್ಸಲ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರ್ಕೊಂಡಿದ್ರು, ಆಗ ಡಾಕ್ಟ್ರು ನನಗೂ ಹೇಳಿದ್ರು ಬರೀ ವಾಕಿಂಗ್ ಸಾಲಲ್ಲ, ಭಾರ ಎತ್ತಿ, ಮೂಳೆಗೆ ಒಳ್ಳೇದು ಅಂತ. ಮನೆ ಮೈಸೂರು, ಮನೆ ಹತ್ರಾನೇ ಜಿಮ್ ಇದೆ, ಬೆಳಗ್ಗೆ ಮಕ್ಕಳು ಸ್ಕೂಲಿಗೆ ಹೋದ್ಮೇಲೆ ಹೋಗ್ತೀನಿ. ಸೊಂಟದಿಂದ ಮೇಲಿನ ಭಾಗದ ವರ್ಕೌಟ್ ಅಷ್ಟು ಕಾಡಲಿಲ್ಲ. ಲೆಗ್ ಡೇ, ಅಂದ್ರೆ ಕಾಲಿನ ವರ್ಕೌಟ್ ಮಾಡೋ ದಿನ, ಮಾತ್ರ ಬೇರೇನೇ ಕಥೆ. ಸ್ಕ್ವಾಟ್ (ಭಾರ ಹೊತ್ತು ಕೂತು ಏಳೋದು), ರೊಮೇನಿಯನ್ ಡೆಡ್‌ಲಿಫ್ಟ್ (ಸೊಂಟದಿಂದ ಬಗ್ಗಿ ಭಾರ ಇಳಿಸಿ ಎತ್ತೋದು), ಲಂಜಸ್ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸೋದು) ಮೂರೂ ಮಾಡಿದ ದಿನ ಏನೂ ಗೊತ್ತಾಗಲ್ಲ, ಆರಾಮಾಗಿ ಸ್ಕೂಟರ್ ಓಡಿಸ್ಕೊಂಡು ಮನೆಗೆ ಬರ್ತೀವಿ, ಮಾರನೇ ದಿನ ಬೆಳಗ್ಗೆ ರಂಗೋಲಿ ಹಾಕೋಕೆ ಅಂತ ಕೂತ್ರೆ ಏಳೋಕಾಗಲ್ಲ, ಅದರ ಮಾರನೇ ದಿನ ಇನ್ನೂ ಜಾಸ್ತಿ, ಮೆಟ್ಟಿಲು ಹತ್ತೋದಾದ್ರೂ ಹತ್ತಬಹುದು, ಇಳಿಯೋದಿದೆಯಲ್ಲ, ಕಂಬಿ ಹಿಡ್ಕೊಂಡು ಪಕ್ಕಕ್ಕೆ ತಿರುಗಿ ಒಂದೊಂದೇ ಮೆಟ್ಟಿಲು ಇಳೀಬೇಕು.

ಈ ನೋವು ಲ್ಯಾಕ್ಟಿಕ್ ಆಸಿಡ್‌ನಿಂದ ಅಂತ ಜಿಮ್ಮಲ್ಲಿ ಎಲ್ರೂ ಹೇಳ್ತಾರೆ, ಟ್ರೈನರ್‌ಗಳೂ ಹೇಳ್ತಾರೆ. ಅದು ನಿಜ ಅಲ್ಲ. ವರ್ಕೌಟ್ ಮುಗಿದು ಹೆಚ್ಚುಕಮ್ಮಿ ಒಂದು ಗಂಟೆಯಲ್ಲಿ ರಕ್ತದಲ್ಲಿರೋ ಲ್ಯಾಕ್ಟೇಟ್, ಅಂದ್ರೆ ಆ ಆಸಿಡ್‌ನದೇ ರೂಪ, ಮಾಮೂಲಿ ಮಟ್ಟಕ್ಕೆ ಬಂದುಬಿಡತ್ತೆ, ನೋವು ಶುರುವಾಗೋದೇ ಅರ್ಧ ದಿನ ಒಂದು ದಿನ ಆದ್ಮೇಲೆ, ತಾರಕಕ್ಕೆ ಹೋಗೋದು 24ರಿಂದ 72 ಗಂಟೆ ಒಳಗೆ. ಸ್ನಾಯು ಉದ್ದ ಆಗ್ತಾ ಆಗ್ತಾ ಭಾರ ತಡ್ಕೊಳ್ಳತ್ತಲ್ಲ, ಸ್ಕ್ವಾಟಲ್ಲಿ ಕೆಳಗೆ ಇಳಿಯೋದು, ಡೆಡ್‌ಲಿಫ್ಟಲ್ಲಿ ಬಾರ್‌ನ (ಭಾರ ಹಾಕೋ ಕಬ್ಬಿಣದ ಕಂಬಿ) ನಿಧಾನಕ್ಕೆ ಇಳಿಸೋದು, ಆ ಇಳಿಯೋ ಭಾಗದಲ್ಲೇ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳೋದು, ಅದನ್ನ ರಿಪೇರಿ ಮಾಡೋಕೆ ದೇಹ ಶುರು ಮಾಡೋ ಕೆಲಸದ ಜೊತೆಗೇ ಈ ನೋವೂ ಬರತ್ತೆ. ಇಷ್ಟು ಗೊತ್ತಿದ್ರೆ ಮಸಾಜಿಂದ ಏನು ಕೇಳಬಹುದು ಏನು ಕೇಳಬಾರದು ಅನ್ನೋದು ತಾನೇ ಗೊತ್ತಾಗತ್ತೆ. ಆಸಿಡ್ ಹಿಂಡಿ ತೆಗೀತೀವಿ, ಟಾಕ್ಸಿನ್ ಹೊರಗೆ ಹಾಕ್ತೀವಿ ಅಂತ ಯಾರಾದ್ರೂ ಹೇಳಿದ್ರೆ ನಂಬೋದು ಬೇಡ.

ನನಗೆ ಮಸಾಜ್ ಮಾಡೋದು ಒಬ್ಬರು ಅಜ್ಜಿ. ನಂಜನಗೂಡು ಕಡೆಯವರು, ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರು ಹಾಕೋದು, ಕೂಸಿಗೆ ಕಾಲ ಮೇಲೆ ಮಲಗಿಸ್ಕೊಂಡು ಸ್ನಾನ ಮಾಡಿಸೋದು ಅವರ ಕೆಲಸ, ನನ್ನ ಎರಡನೇ ಮಗಳಿಗೆ ನೀರು ಹಾಕಿದ್ದೂ ಅವರೇ. ಜಿಮ್ ಶುರು ಮಾಡಿದ್ಮೇಲೆ ಒಂದಿನ ಅವರು ಮಗಳನ್ನ ನೋಡ್ಕೊಂಡು ಹೋಗೋಣ ಅಂತ ಬಂದಾಗ ನಾನು ಕುಂಟ್ಕೊಂಡು ಕಾಫಿ ತಂದಿದ್ದು ನೋಡಿ, ಏನು ಎತ್ತ ಅಂತ ಕೇಳದೇನೇ ನನ್ನ ಮೀನಖಂಡಕ್ಕೆ ಕೈ ಹಾಕಿ "ಏನವ್ವ ಇದು, ಕಲ್ಲಾಗ್ ಕುಂತದೆ! ಎಣ್ಣೆ ಕಾಯಿಸ್ಕೊಂಡು ಬಾ" ಅಂದ್ರು. ಅಲ್ಲಿಂದ ಶುರು. ಬಾಣಂತನದ ಕೆಲಸ ಇಲ್ಲದ ತಿಂಗಳುಗಳಲ್ಲಿ ಬರ್ತಾರೆ, ಬೇರೆಯವರ ಮನೇಲಿ ಕೊಡೋ ಕೂಲೀನೇ ನಾನೂ ಕೊಡ್ತೀನಿ.

ಅವರು ಮಾಡೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದರಲ್ಲೇ ಎಲ್ಲಾ ಇರೋದು. ಎಣ್ಣೆ ನೇರ ಒಲೆ ಮೇಲೆ ಇಡಲ್ಲ, ಬಿಸಿನೀರಿನ ಪಾತ್ರೆಯೊಳಗೆ ಎಣ್ಣೆ ಬಟ್ಟಲು ಇಟ್ಟು ಉಗುರು ಬೆಚ್ಚಗೆ ಮಾಡ್ತಾರೆ, ಮೊದಲು ತಮ್ಮ ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡ್ತಾರೆ. ನಾನು ಚಾಪೆ ಮೇಲೆ ಬೋರಲು ಮಲಗ್ತೀನಿ, ಅವರು ಮಣೆ ಹಾಕ್ಕೊಂಡು ಕಾಲ ಹತ್ರ ಕೂರ್ತಾರೆ. ಮೊದಲ ಎರಡು ಮೂರು ನಿಮಿಷ ಬರೀ ಹಚ್ಚೋದು, ಭಾರ ಹಾಕೋ ಹಂಗೇ ಇಲ್ಲ, ಚರ್ಮ ಬೆಚ್ಚಗಾಗೋವರೆಗೂ ಅಷ್ಟೇ. ಆಮೇಲೆ ಅಂಗೈ ಬುಡದಿಂದ ಹಿಮ್ಮಡಿಯಿಂದ ಮೇಲಕ್ಕೆ, ಯಾವಾಗಲೂ ಮೇಲಕ್ಕೆ, ಉದ್ದಕ್ಕೆ ಎಳೀತಾರೆ, ಮಂಡಿ ಹಿಂದಿನ ಗುಳಿ ಬಂದಾಗ ಕೈ ಎತ್ತಿಬಿಡ್ತಾರೆ, ಅಲ್ಲಿ ಒತ್ತೋದೇ ಇಲ್ಲ. ಕೀಲು ಬಂದ ಕಡೆ ಸುತ್ತ ದುಂಡಗೆ. ತೊಡೆಗೆ ಬಂದ್ರೆ ಎರಡೂ ಕೈಯಲ್ಲಿ ನಾದ್ತಾರೆ. ಎಲ್ಲಾದ್ರೂ ಗಂಟು ಸಿಕ್ತು ಅಂದ್ರೆ ಗುದ್ದೋದು ತಿಕ್ಕೋದು ಏನೂ ಇಲ್ಲ, ಹೆಬ್ಬೆಟ್ಟು ಇಟ್ಟು ಸುಮ್ನೆ ಕಾಯ್ತಾರೆ. "ಉಸ್ರು ಬುಡವ್ವ" ಅಂತಾರೆ. ಉಸಿರು ಬಿಟ್ಟ ಹಾಗೆ ಆ ಜಾಗ ನಿಧಾನಕ್ಕೆ ಮೆತ್ತಗಾಗೋದು ನನಗೂ ಗೊತ್ತಾಗತ್ತೆ.

ಇನ್ನೊಂದು ವಿಷಯ ಗಮನಿಸಿದೆ. ಅವರು ಒತ್ತುವಾಗ ನನ್ನ ಮುಖ ನೋಡಲ್ಲ, ನನ್ನ ಕಾಲ್ಬೆರಳು ನೋಡ್ತಿರ್ತಾರೆ. ಒಂದಿನ ಕೇಳಿದೆ. "ಬಾಯಿ ಸುಳ್ಳು ಹೇಳ್ತದೆ ಕಣವ್ವ, ನೋವಿಲ್ಲ ಒತ್ತಿ ಒತ್ತಿ ಅಂತದೆ. ಬೆಳ್ಳು ಮಡಿಚ್ಕಂಡ್ರೆ ಜಾಸ್ತಿ ಆಯ್ತು ಅಂತ" ಅಂದ್ರು. ಬಾಣಂತಿ ಮೈ ಹಸಿ ಮೈ, ಅದಕ್ಕೆ ಒತ್ತೋ ಲೆಕ್ಕ ಹಿಂಗೇ ನೋಡ್ಕೊಂಡು ಕಲಿತಿದ್ದಂತೆ. ನಾನು ಇವತ್ತಿಗೂ ಫೋಮ್ ರೋಲರ್ (ಮೈ ಕೆಳಗಿಟ್ಟು ಉರುಳಿಸೋ ಗಟ್ಟಿ ಫೋಮಿನ ಉರುಳೆ) ಮೇಲೆ ಕೂತಾಗ ಇದನ್ನೇ ಅಳತೆ ಇಟ್ಕೊಂಡಿದೀನಿ, ಬೆರಳು ಮಡಿಚಿದ್ರೆ, ಹಲ್ಲು ಕಚ್ಚಿದ್ರೆ, ಉಸಿರು ಹಿಡಿದ್ರೆ ಭಾರ ಕಮ್ಮಿ ಮಾಡ್ತೀನಿ. ಸ್ನಾಯು ಬಿಗಿ ಹಿಡ್ಕೊಂಡಾಗ ಅದರ ಮೇಲೆ ಇನ್ನೂ ಒತ್ತಿದ್ರೆ ಅದು ಇನ್ನೂ ಬಿಗಿಯಾಗತ್ತೆ, ಸಡಿಲ ಆಗಲ್ಲ. "ನೋವಾದಷ್ಟೂ ಒಳ್ಳೇದು" ಅನ್ನೋ ಮಾತು ಜಿಮ್ ಹುಡುಗರ ಬಾಯಲ್ಲಿ ಕೇಳಿದಾಗೆಲ್ಲ ನನಗೆ ನಿಜವಾಗ್ಲೂ ಬೇಜಾರಾಗತ್ತೆ, ಡೀಪ್ ಟಿಶ್ಯೂ, ಅಂದ್ರೆ ಆಳಕ್ಕೆ ಒತ್ತೋ ಮಸಾಜ್, ಅಂತ ಹೋಗಿ ತೊಡೆ ತುಂಬ ನೀಲಿಗಟ್ಟಿಸ್ಕೊಂಡು ಬಂದು ಅದನ್ನ ಫೋಟೋ ತೆಗೆದು ತೋರಿಸ್ತಾರೆ. ಆಗಲೇ ಪೆಟ್ಟು ಬಿದ್ದಿರೋ ಸ್ನಾಯುಗೆ ಮತ್ತೆ ಪೆಟ್ಟು, ಅದು ರಿಕವರಿ ಹೆಂಗಾಗತ್ತೆ?

ಯಾವಾಗ ಮಾಡಿಸ್ಕೋಬೇಕು ಅನ್ನೋದನ್ನ ಮಾಡ್ತಾ ಮಾಡ್ತಾನೇ ಗೊತ್ತು ಮಾಡ್ಕೊಂಡಿದ್ದು. ನಾನು ಲೆಗ್ ಡೇ ದಿನಾನೇ ಸಂಜೆ ಹಗುರವಾಗಿ ಮಾಡಿಸ್ಕೋತೀನಿ, ಎರಡೂ ಕಾಲು ಸೇರಿ ಇಪ್ಪತ್ತು ನಿಮಿಷ ಅಷ್ಟೇ, ಮಾರನೇ ದಿನ ಬೇಕನ್ನಿಸಿದ್ರೆ ಇನ್ನೊಂದ್ಸಲ ಸ್ವಲ್ಪ ಒತ್ತಿ. ಮುಂದಿನ ಲೆಗ್ ಡೇ ಹಿಂದಿನ ದಿನ ಮಾತ್ರ ಒತ್ತಿ ಮಾಡಿಸ್ಕೊಳ್ಳಲ್ಲ, ಮಾಡಿಸ್ಕೊಂಡ್ರೆ ಕಾಲು ಒಂಥರಾ ಸೋತ ಹಾಗಿರತ್ತೆ, ಬಾರ್ ಕೆಳಗೆ ನಿಂತಾಗ ನೆಲ ಗಟ್ಟಿ ಹಿಡಿದ ಅನುಭವಾನೇ ಬರಲ್ಲ.

ಕೆನಡಾದ ಮ್ಯಾಕ್‌ಮಾಸ್ಟರ್ ಯೂನಿವರ್ಸಿಟಿಯವರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು, 11 ಜನ ಯುವಕರಿಗೆ ಸುಸ್ತಾಗೋವರೆಗೂ ಸೈಕಲ್ ತುಳಿಸಿ, ಆಮೇಲೆ ಒಂದೇ ಕಾಲಿಗೆ 10 ನಿಮಿಷ ಮಸಾಜ್ ಮಾಡಿ, ಎರಡೂ ತೊಡೆಯಿಂದ ಸ್ನಾಯುವಿನ ಸಣ್ಣ ಚೂರು ತೆಗೆದು ಪರೀಕ್ಷೆ ಮಾಡಿದ್ದು. ಮಸಾಜ್ ಆದ ಕಾಲಲ್ಲಿ ಉರಿಯೂತದ ಸಂಕೇತಗಳು ಕಮ್ಮಿ ಇದ್ವು, ಜೀವಕೋಶದಲ್ಲಿ ಶಕ್ತಿ ತಯಾರು ಮಾಡೋ ಮೈಟೋಕಾಂಡ್ರಿಯಾ ಹೊಸದಾಗಿ ಹುಟ್ಟೋದಕ್ಕೆ ಸಂಬಂಧಪಟ್ಟ ಸಂಕೇತ ಜಾಸ್ತಿ ಇತ್ತು, ಆದ್ರೆ ಲ್ಯಾಕ್ಟೇಟ್‌ನಲ್ಲಿ ಏನೂ ವ್ಯತ್ಯಾಸ ಇರ್ಲಿಲ್ಲ. ಇದನ್ನ ಓದಿದ್ಮೇಲೆ ನಾನೂ ಒಂದು ಕಾಲಿಗೆ ಮಾತ್ರ ಮಾಡಿಸ್ಕೊಂಡು ನೋಡೋಣ ಅಂದ್ಕೊಂಡೆ. ಅಜ್ಜಿ ಒಪ್ಪಬೇಕಲ್ಲ. "ಒಂದ್ ಕಾಲ್ಗೆ ಹಚ್ಚಿ ಇನ್ನೊಂದ್ ಬುಡೋದಾ? ಅದೇನ್ ಪಾಪ ಮಾಡಿತ್ತವ್ವ ಆ ಕಾಲು" ಅಂತ ಎಣ್ಣೆ ಬಟ್ಟಲು ಕೆಳಗಿಟ್ಟೇಬಿಟ್ರು. ಡಾಕ್ಟ್ರು ಹಿಂಗೇ ಮಾಡಿ ನೋಡವ್ರೆ ಅಜ್ಜಿ, ಮೂರು ದಿನ ಬಿಟ್ಟು ಆ ಕಾಲಿಗೂ ಹಚ್ಚಿ ಅಂತ ಸಮಾಧಾನ ಮಾಡಿದ್ಮೇಲೆ ಬಲಗಾಲಿಗೆ ಮಾತ್ರ ಮಾಡಿದ್ರು, ಆದ್ರೂ ಹೋಗೋವಾಗ ಎಡಗಾಲಿಗೆ ಒಂದು ಬೆರಳು ಎಣ್ಣೆ ಸವರಿಯೇ ಹೋದ್ರು.

ಎರಡನೇ ದಿನ ಮೆಟ್ಟಿಲು ಇಳಿಯೋವಾಗ ವ್ಯತ್ಯಾಸ ಸ್ಪಷ್ಟ ಗೊತ್ತಾಯ್ತು, ಬಲಗಾಲು ಊರಿ ಎಡಗಾಲು ಇಳಿಸೋದು ಸಲೀಸು, ತಿರುಗಾ ಮಾಡಿದ್ರೆ ಮುಖ ಕಿವುಚ್ತಿತ್ತು. ಆದ್ರೆ ಅದರ ಮಾರನೇ ದಿನ ಜಿಮ್ಮಲ್ಲಿ ಒಂಟಿ ಕಾಲಿನ ಲೆಗ್ ಪ್ರೆಸ್ ಮಾಡಿ ನೋಡಿದೆ, ಎರಡೂ ಕಾಲು ಅಷ್ಟೇ ಭಾರ ಅಷ್ಟೇ ಸಲ ತಳ್ಳಿದ್ವು. ಒಬ್ಬಳ ಕಾಲಲ್ಲಿ ನೋಡಿದ್ದು ದೊಡ್ಡ ಪುರಾವೆ ಅಲ್ಲ ಅಂತ ನನಗೂ ಗೊತ್ತು, ಆದ್ರೆ ದೊಡ್ಡ ಲೆಕ್ಕಾನೂ ಅದನ್ನೇ ಹೇಳತ್ತೆ. ಇಂಗ್ಲೆಂಡಿನ ಶೆಫೀಲ್ಡ್ ಯೂನಿವರ್ಸಿಟಿಯವರು 2020ರಲ್ಲಿ 29 ಅಧ್ಯಯನ, ಒಟ್ಟು 1,012 ಜನರ ಫಲಿತಾಂಶ ಒಟ್ಟು ಹಾಕಿ ನೋಡಿದಾಗ, ಮಸಾಜಿಂದ ಶಕ್ತಿ, ಜಿಗಿತ, ಓಟದ ವೇಗ, ದಮ್ಮು ಯಾವುದೂ ಜಾಸ್ತಿ ಆಗೋದು ಕಾಣ್ಲಿಲ್ಲ, ಮೈ ಬಳುಕೋದು ಮತ್ತೆ ಆಮೇಲೆ ಬರೋ ನೋವು ಎರಡರಲ್ಲಿ ಮಾತ್ರ ಸಣ್ಣ ಲಾಭ ಕಂಡಿತ್ತು. ನನಗೆ ಆ ಸಣ್ಣ ಲಾಭ ಬೇಕಾದಷ್ಟಾಯ್ತು. ನನ್ನಂಥೋರು ಜಿಮ್ ಬಿಡೋದು ಶಕ್ತಿ ಸಾಲದೇ ಅಲ್ಲ, ಮನೆ ಕೆಲಸ ಆಫೀಸು ಮಕ್ಕಳ ನಡುವೆ ಮೂರು ದಿನ ಕುಂಟ್ಕೊಂಡು ಓಡಾಡೋದು ಯಾರಿಗೆ ಬೇಕು ಅಂತ ಬಿಡ್ತಾರೆ, ಆ ಮೂರು ದಿನ ಸಲೀಸಾದ್ರೆ ಮುಂದಿನ ವಾರ ಮತ್ತೆ ಬರ್ತಾರೆ, ವಾರ ವಾರ ಬಂದ್ರೇ ತಾನೇ ಶಕ್ತಿ ಬರೋದು. ಹಾಗಂತ ಎಲ್ಲಾ ಮಸಾಜಿನ ಪುಣ್ಯ ಅಂತ ನಾನು ಹೇಳಲ್ಲ, ಅದೇ ವರ್ಕೌಟ್ ಎರಡನೇ ಮೂರನೇ ಸಲ ಮಾಡ್ದಾಗ ಮೈ ತಾನೇ ಒಗ್ಗಿಕೊಂಡು ನೋವು ಕಮ್ಮಿ ಆಗತ್ತೆ, ನಿದ್ದೆ, ಊಟದಲ್ಲಿ ಬೇಳೆ ಮೊಟ್ಟೆ ಮೊಸರು, ಇವೇ ಮೊದಲು, ಎಣ್ಣೆ ಆಮೇಲೆ.

ಇನ್ನು ವರ್ಕೌಟ್‌ಗೆ ಮುಂಚೆ. ಇಲ್ಲಿ ಎಣ್ಣೆ ಮುಟ್ಟೋ ಹಾಗಿಲ್ಲ, ಇದು ಖಡಾಖಂಡಿತ. ಅಂಗೈಯಲ್ಲಿ ಎಣ್ಣೆ ಪಸೆ ಇದ್ರೆ ಬಾರ್ ಜಾರತ್ತೆ, ಡೆಡ್‌ಲಿಫ್ಟಲ್ಲಿ ಅದು ಅಪಾಯ, ಬೆಂಚಿಗೆ ಅಂಟಿದ್ರೆ ಮುಂದೆ ಬರೋರಿಗೂ ತೊಂದರೆ. ನಮ್ಮ ಹಳೇ ಪದ್ಧತಿ ನೋಡಿದ್ರೆ ಅಲ್ಲಿ ಎಣ್ಣೆ ಮೊದಲೇ ಬರತ್ತೆ. ವಾಗ್ಭಟರ ಆಯುರ್ವೇದ ಗ್ರಂಥ ಅಷ್ಟಾಂಗ ಹೃದಯದಲ್ಲಿ ದಿನಚರ್ಯೆ ಹೇಳೋವಾಗ ಮೊದಲು ಅಭ್ಯಂಗ, ಆಮೇಲೆ ವ್ಯಾಯಾಮ, ಅದೂ ಅರ್ಧ ಶಕ್ತಿ ಹಾಕಿ, ವ್ಯಾಯಾಮ ಮುಗಿದ್ಮೇಲೆ ಹಿತವಾಗೋ ಹಾಗೆ ಮೈಯೆಲ್ಲಾ ತಿಕ್ಕಬೇಕು ಅಂತಿದೆ. ನಮ್ಮ ಮೈಸೂರಿನ ಗರಡಿ ಮನೆಗಳಲ್ಲೂ ಮಾಲೀಶ್ ಸಾಮಿನ ಜೊತೆಗೇ ಬಂದಿದ್ದು, ಆದ್ರೆ ಅಲ್ಲಿ ಅಖಾಡದ ಕೆಮ್ಮಣ್ಣು ಇರತ್ತೆ, ಮೈಗೆ ಮಣ್ಣು ಬಿದ್ರೆ ಎಣ್ಣೆ ಜಾರೋ ಪ್ರಶ್ನೆ ಬರಲ್ಲ. ನಮ್ಮ ಜಿಮ್ಮಲ್ಲಿ ಮಣ್ಣಿಲ್ಲ, ಕಬ್ಬಿಣ ಇದೆ. ಅದಕ್ಕೇ ನಾನು ಆ ಪದ್ಧತೀನ ಎರಡು ಭಾಗ ಮಾಡ್ಕೊಂಡಿದೀನಿ, ಎಣ್ಣೆ ಸಂಜೆಗೆ, ಬೆಳಗ್ಗೆ ಒಣಗೈ.

ಬೆಳಗ್ಗೆ ಮಾಡೋದು ಒಟ್ಟು ಐದಾರು ನಿಮಿಷ. ಬರಿಗಾಲಲ್ಲಿ ಟೆನಿಸ್ ಬಾಲ್ ಮೇಲೆ ಪಾದ ಇಟ್ಟು ಉರುಳಿಸ್ತೀನಿ, ಆಮೇಲೆ ಫೋಮ್ ರೋಲರ್ ಮೇಲೆ ಮೀನಖಂಡ, ತೊಡೆ ಮುಂದೆ, ತೊಡೆ ಹಿಂದೆ, ಪಿರ್ರೆ, ಒಂದೊಂದಕ್ಕೆ ಅರ್ಧ ನಿಮಿಷ, ಹೆಚ್ಚಂದ್ರೆ ಮುಕ್ಕಾಲು. ರೋಲರ್ ಇಲ್ಲದೋರು ಕುರ್ಚಿ ಮೇಲೆ ಕೂತು ಚಪಾತಿ ಲಟ್ಟಣಿಗೇನ ತೊಡೆ ಮೇಲೆ ಬಟ್ಟೆ ಸಮೇತ ಉರುಳಿಸಿದ್ರೂ ಆಗತ್ತೆ, ನಾನೇ ಮೊದಲು ಹಾಗೇ ಮಾಡ್ತಿದ್ದೆ. ಇದರ ಉದ್ದೇಶ ಮೈಗೆ ಎಚ್ಚರ ಕೊಡೋದು ಅಷ್ಟೇ, ಗಂಟು ಬಿಡಿಸೋಕೆ ಇದು ಹೊತ್ತಲ್ಲ. ನನ್ನ ಆಂಕಲ್ ಬಿಗಿ, ಸ್ಕ್ವಾಟಲ್ಲಿ ಕೆಳಗೆ ಹೋದಾಗ ಹಿಮ್ಮಡಿ ಏಳ್ತಿತ್ತು, ಮೀನಖಂಡ ಉರುಳಿಸಿ ಆಂಕಲ್ ಒಂದಿಷ್ಟು ಸಲ ಮುಂದೆ ಹಿಂದೆ ಆಡಿಸಿದ್ಮೇಲೆ ಹಿಮ್ಮಡಿ ನೆಲದ ಮೇಲೇ ಉಳಿಯತ್ತೆ, ಆ ಸಡಿಲ ಸ್ವಲ್ಪ ಹೊತ್ತು ಮಾತ್ರ ಇರತ್ತೆ, ಅದಕ್ಕೇ ಉರುಳಿಸಿ ಆದ ಕೂಡ್ಲೇ ಬಾರ್ ಕೆಳಗೆ ಹೋಗಬೇಕು, ಮಧ್ಯ ಫೋನ್ ನೋಡ್ತಾ ಕೂತ್ರೆ ಮಾಡಿದ್ದೆಲ್ಲ ವೇಸ್ಟು. ಹಾಗಂತ ಇದೇ ವಾರ್ಮಪ್ ಅಂತ ಮಾತ್ರ ಅಂದ್ಕೋಬೇಡಿ, ಸೈಕಲ್ ತುಳಿದು ಮೈ ಬೆಚ್ಚಗಾಗಬೇಕು, ಬರೀ 20 ಕೆಜಿ ಬಾರಲ್ಲಿ ಸೆಟ್ ಮಾಡಬೇಕು, ಆಮೇಲೇ ಪ್ಲೇಟ್ ಹಾಕೋದು.

ಮಸಾಜ್ ಗನ್, ಅಂದ್ರೆ ಸ್ನಾಯು ಮೇಲೆ ಪಟಪಟ ಬಡಿಯೋ ಮೆಷಿನ್ ಬಗ್ಗೆ ತುಂಬ ಜನ ಕೇಳ್ತಾರೆ. ನಮ್ಮೆಜಮಾನ್ರು ಒಂದು ತಂದಿದಾರೆ, ಇದೆ, ಪರವಾಗಿಲ್ಲ. ಕಮ್ಮಿ ಸ್ಪೀಡಲ್ಲಿ ಒಂದು ಸ್ನಾಯುಗೆ ಒಂದು ನಿಮಿಷ, ಮೂಳೆ ಮೇಲೆ, ಬೆನ್ನು ಹುರಿ ಮೇಲೆ, ಕತ್ತಿನ ಮುಂಭಾಗಕ್ಕೆ ಖಂಡಿತ ಬೇಡ. ನನಗೆ ಮಾತ್ರ ಅವರ ಕೈಯೇ ವಾಸಿ. ಡೆಡ್‌ಲಿಫ್ಟ್ ಮಾಡಿದ ರಾತ್ರಿ ಹೆಗಲು ಮತ್ತೆ ಬೆನ್ನು ನನ್ನ ಕೈಗೆ ಸಿಗಲ್ಲ, "ರೀ, ಸ್ವಲ್ಪ ಮೇಲೆ, ಇನ್ನೂ ಎಡಕ್ಕೆ" ಅಂತ ಹೇಳ್ಕೊಟ್ಟು ಹೇಳ್ಕೊಟ್ಟು ಈಗ ಅವರಿಗೇ ಗೊತ್ತಾಗತ್ತೆ, ಹತ್ತು ನಿಮಿಷ ಮಾಡ್ತಾರೆ, ಅವರು ಬ್ಯಾಡ್ಮಿಂಟನ್ ಆಡಿ ಬಂದ ದಿನ ನಾನು ಅವರ ಮೊಣಕೈ ಹತ್ರ ಮಾಡ್ತೀನಿ.

ಎಣ್ಣೆ ಯಾವುದು ಅಂದ್ರೆ, ನಾನು ಗಾಣದ ಎಳ್ಳೆಣ್ಣೆ, ಬೇಸಿಗೆಯಲ್ಲಿ ಕೊಬ್ಬರಿ ಎಣ್ಣೆ, ಎರಡು ಕಾಲಿಗೆ ಎರಡು ಮೂರು ಚಮಚ ಸಾಕು. ಎಣ್ಣೆಯ ಕೆಲಸ ಮುಖ್ಯವಾಗಿ ಕೈ ಸಲೀಸಾಗಿ ಓಡೋಕೆ. ಮಸಾಜ್ ಆದ್ಮೇಲೆ ಅರ್ಧ ಗಂಟೆ ಬಿಟ್ಟು ಬಿಸಿನೀರು, ಕಡ್ಲೆಹಿಟ್ಟು ಹಾಕಿ ಜಿಡ್ಡು ತೆಗೆಯೋದು. ಒಂದು ಮಾತು ಕೈ ಮುಗಿದು ಹೇಳ್ತೀನಿ, ಎಣ್ಣೆ ಕಾಲಲ್ಲಿ ಬಚ್ಚಲಿಗೆ ಹೋಗಬೇಡಿ, ಅಂಗಾಲು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಹೋಗಿ, ಸ್ನಾನ ಆದ್ಮೇಲೆ ನೆಲಕ್ಕೂ ಸೋಪು ಹಾಕಿ ತೊಳೀರಿ, ಮನೇಲಿ ವಯಸ್ಸಾದೋರು ಇದ್ರಂತೂ ಮರೀಲೇಬೇಡಿ.

ಮಸಾಜ್ ಯಾವಾಗ ಬೇಡವೇ ಬೇಡ ಅನ್ನೋದನ್ನ ನನಗೆ ಹೇಳಿಕೊಟ್ಟಿದ್ದು ಒಬ್ಬ ಫಿಸಿಯೋಥೆರಪಿಸ್ಟ್, ಅವರ ಹತ್ರ ಮಂಡಿ ತೋರಿಸೋಕೆ ಹೋಗಿದ್ದಾಗ. ವರ್ಕೌಟ್ ಮಧ್ಯ ಪಟ್ ಅಂತ ಹಿಡಿದು ಒಂದೇ ಕಡೆ ಚುಚ್ಚೋ ನೋವು, ಊತ, ನೀಲಿ ಇದ್ರೆ ಅದು ಎಳೆ ಹರಿದಿರಬಹುದು, ಮೊದಲ ಎರಡು ಮೂರು ದಿನ ತಿಕ್ಕೋದು ಬೇಡ, ತೋರಿಸಬೇಕು. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿ, ಮುಟ್ಟಿದ್ರೆ ನೋವಿದ್ರೆ ರಕ್ತ ಹೆಪ್ಪುಗಟ್ಟಿರೋ ಸಾಧ್ಯತೆ ಇರತ್ತೆ, ಅದನ್ನ ಒತ್ತಿದ್ರೆ ಪ್ರಾಣಕ್ಕೇ ಅಪಾಯ, ನೇರ ಆಸ್ಪತ್ರೆ. ಭಾರೀ ವರ್ಕೌಟ್ ಆದ್ಮೇಲೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಬಂದ್ರೆ, ಮೈ ಊದಿಕೊಂಡು ತಡೀಲಾರದ ನೋವಿದ್ರೆ ಸ್ನಾಯು ಒಡೆದು ಕಿಡ್ನಿಗೆ ಹೊಡೆತ ಬೀಳ್ತಿರಬಹುದು ಅಂತ, ಆಗಲೂ ಮನೆಮದ್ದು ಅಂತ ಕೂರಬಾರದು. ಜ್ವರ ಇದ್ದಾಗ ಬೇಡ, ಉಬ್ಬಿದ ನರಗಳ ಮೇಲೆ ಬೇಡ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಡಾಕ್ಟ್ರನ್ನ ಕೇಳಿಯೇ ಮಾಡಿಸ್ಕೋಬೇಕು. ಇದನ್ನೆಲ್ಲ ನಾನು ಅಜ್ಜಿಗೂ ಹೇಳಿದೆ, ಊದಿರೋ ಕಾಲು ಅವರೂ ಮುಟ್ಟಲ್ವಂತೆ, "ಬಾಣಂತಿ ಕಾಲು ಒಂದೇ ಊದ್ಕಂಡ್ರೆ ಆಸ್ಪತ್ರೆಗೆ ಕಳುಸ್ತೀನಿ ಕಣವ್ವ" ಅಂದ್ರು. ಅವರ ಮೇಲಿನ ಗೌರವ ಅವತ್ತು ಇನ್ನೂ ಜಾಸ್ತಿ ಆಯ್ತು.

ಈಗ ಅಜ್ಜಿ ಬೇರೆ ಮನೆ ಬಾಣಂತನಕ್ಕೆ ಹೋಗಿದಾರೆ, ಅವರು ಬರೋವರೆಗೂ ಕಾಲು ನಾನೇ ಮಾಡ್ಕೋತೀನಿ. ಗೋಡೆಗೆ ಒರಗಿ ಕೂತು, ಒಂದು ಕಾಲು ಮಡಿಚಿ, ಹಿಮ್ಮಡಿಯಿಂದ ಮೇಲಕ್ಕೆ ಎರಡೂ ಹೆಬ್ಬೆಟ್ಟಲ್ಲಿ. ತೊಡೆ ಹಿಂಭಾಗ ಕೈಯಲ್ಲಿ ಸರಿಯಾಗಿ ಬರಲ್ಲ, ಅದಕ್ಕೆ ಕುರ್ಚಿ ಅಂಚಲ್ಲಿ ಬಾಲ್ ಇಟ್ಟು ಕೂರ್ತೀನಿ. ಹೊರಗೆ ಯಾರ ಹತ್ರಾನಾದ್ರೂ ಮಾಡಿಸ್ಕೊಳ್ಳೋಕೆ ಹೋಗೋರಾದ್ರೆ ಚಾಪೆ ಮೇಲೆ ಮಲಗೋಕೆ ಮುಂಚೇನೇ ಮೂರು ವಿಷಯ ಹೇಳಿ, ಯಾವತ್ತು ಏನು ವರ್ಕೌಟ್ ಮಾಡಿದ್ರಿ, ಮುಂದಿನ ಸಲ ಯಾವತ್ತು ಭಾರ ಎತ್ತಬೇಕು, ಎಲ್ಲಿ ಮುಟ್ಟಬಾರದು. ಒತ್ತೋವಾಗ ಜಾಸ್ತಿ ಆಯ್ತು ಅಂದ್ರೆ ಬಾಯಿಬಿಟ್ಟು ಹೇಳಿ, ಹೇಳಿದ್ಮೇಲೂ ಕಮ್ಮಿ ಮಾಡದೇ ಇದ್ರೆ ಎದ್ದು ಬಂದುಬಿಡಿ.